ಕಜ್ಜಿಯ ಲೆಕ್ಕ: ದೇಶಕ್ಕೊಂದು ಶೇಕಡಾವಾರು ಸಾಲದು, ಮನೆಮನೆಯ ಎಣಿಕೆ ಬೇಕು

ಒಂದು ದೇಶದ ಜನಸಂಖ್ಯೆಯಲ್ಲಿ ಎಷ್ಟು ಮಂದಿಗೆ ಕಜ್ಜಿ ಇದೆ ಎಂಬ ಪ್ರಶ್ನೆಗೆ ಇಷ್ಟು ಹೊತ್ತಿಗೆ ನೇರವಾದ ಉತ್ತರ ಸಿಗಬೇಕಿತ್ತು. ಈ ರೋಗ ತರುವ ಹುಳವನ್ನು ಇಟಲಿಯ ವೈದ್ಯ ಜೊವಾನಿ ಕೊಸಿಮೊ ಬೊನೊಮೊ ಮತ್ತು ಔಷಧಗಾರ ದಿಯಾಚಿಂತೊ ಚೆಸ್ತೊನಿ 1687ರಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ್ದರು. ಕಾರಣ ಇಂಥದ್ದೇ ಎಂದು ಖಚಿತವಾಗಿ ಗೊತ್ತಾದ ಮೊದಮೊದಲ ಮಾನವ ರೋಗಗಳಲ್ಲಿ ಇದೂ ಒಂದು. ಗುಣಪಡಿಸುವ ಮದ್ದುಗಳೂ ಹಲವು ದಶಕಗಳಿಂದ ಇವೆ. ಹೀಗಿದ್ದೂ ವಿಶ್ವ ಆರೋಗ್ಯ ಸಂಸ್ಥೆಯು ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ ಮಾತ್ರ. ಅಲ್ಲಿಯವರೆಗೆ ಇದನ್ನು ಎಣಿಸಬೇಕಾದ ರೋಗವೆಂದು ಬಹುತೇಕ ಸರ್ಕಾರಗಳು ಭಾವಿಸಿರಲೇ ಇಲ್ಲ.

ಆ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಯಾವುದೇ ಒಂದು ಗಳಿಗೆಯಲ್ಲಿ 20 ಕೋಟಿಗೂ ಹೆಚ್ಚು ಜನರಿಗೆ ಕಜ್ಜಿ ಇರುತ್ತದೆ. ಇಡೀ ವರ್ಷದಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗುವವರ ಸಂಖ್ಯೆ 40 ಕೋಟಿಯನ್ನು ಮೀರುತ್ತದೆ. ಪತ್ರಿಕೆಗಳಲ್ಲಿ ಈ ಎರಡು ಸಂಖ್ಯೆಗಳು ಒಂದರ ಜಾಗದಲ್ಲಿ ಇನ್ನೊಂದಾಗಿ ಬಳಕೆಯಾಗುವುದನ್ನು ಕಾಣುತ್ತೇವೆ. ಮೊದಲನೆಯದು ಈ ದಿನ ಎಲ್ಲರ ಚರ್ಮವನ್ನೂ ಪರೀಕ್ಷಿಸಿದರೆ ಎಷ್ಟು ಮಂದಿಯಲ್ಲಿ ರೋಗ ಕಾಣಿಸೀತು ಎಂಬ ಲೆಕ್ಕ, ಅಂದರೆ ರೋಗದ ವ್ಯಾಪ್ತಿ. ಎರಡನೆಯದು ಹನ್ನೆರಡು ತಿಂಗಳಲ್ಲಿ ಎಷ್ಟು ಮಂದಿಯನ್ನು ಅದು ಮುಟ್ಟಿತು ಎಂಬ ಲೆಕ್ಕ. ಚಿಕಿತ್ಸೆ ಸಿಕ್ಕಿ ಬೇಗ ವಾಸಿಯಾಗುವ ಊರಿನಲ್ಲಿ ಮೊದಲನೆಯ ಸಂಖ್ಯೆ ಸಣ್ಣದಿದ್ದು ಎರಡನೆಯದು ದೊಡ್ಡದಿರಬಹುದು. ಚಿಕಿತ್ಸೆಯೇ ಇಲ್ಲದ ಊರಿನಲ್ಲಿ ಒಬ್ಬನೇ ತಿಂಗಳುಗಟ್ಟಲೆ ತುರಿಸಿಕೊಳ್ಳುತ್ತಿರುವುದರಿಂದ ಎರಡೂ ಹತ್ತಿರ ಹತ್ತಿರ ಬರುತ್ತವೆ. ಯಾವ ಸಂಖ್ಯೆಯನ್ನು ಹೇಳುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರದಿದ್ದರೆ ದೇಶದೇಶಗಳ ನಡುವಿನ ಹೋಲಿಕೆಗೆ ಅರ್ಥವಿಲ್ಲ.

ಜಾಗತಿಕ ಅಂದಾಜಿನ ಹಿಂದೆ ಇರುವ ನೈಜ ಸಮೀಕ್ಷೆಗಳನ್ನು ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಬೇರೆಬೇರೆ ದೇಶಗಳಲ್ಲಿ ಸಮುದಾಯದ ಮಟ್ಟದಲ್ಲಿ ನಡೆದ ಸಮೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಅತ್ಯಂತ ಕಡಿಮೆ ವ್ಯಾಪ್ತಿ ಶೇಕಡಾ 0.2 ಇದ್ದರೆ ಅತ್ಯಂತ ಹೆಚ್ಚಿನದು ಶೇಕಡಾ 71.4 ಇತ್ತು. ಅದೇ ರೋಗ, ಅದೇ ಹುಳ. ವ್ಯತ್ಯಾಸ ಮುನ್ನೂರು ಪಟ್ಟಿಗೂ ಮಿಗಿಲು. ಇಷ್ಟು ಅಗಲದಲ್ಲಿ ಹರಡಿಕೊಂಡ ಸಂಖ್ಯೆಗಳ ಸರಾಸರಿಯನ್ನು ತೆಗೆದು ಅದನ್ನು ಒಂದು ದೇಶದ ಸ್ಥಿತಿ ಎಂದು ಕರೆಯುವಾಗ ನಾವು ಎಚ್ಚರದಿಂದಿರಬೇಕು.

ಒಂದು ದೇಶ ಶ್ರದ್ಧೆಯಿಂದ ಎಣಿಸಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಫಿಜಿ ಒಳ್ಳೆಯ ಉದಾಹರಣೆ. 2007ರಲ್ಲಿ ಅಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10,887 ಜನರ ಚರ್ಮವನ್ನು ಪರೀಕ್ಷಿಸಲಾಯಿತು. ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ 23.6 ಮಂದಿಗೆ ಕಜ್ಜಿ ಇತ್ತು. 5ರಿಂದ 9 ವರ್ಷದ ಮಕ್ಕಳಲ್ಲಿ ಆ ಪ್ರಮಾಣ ಶೇಕಡಾ 43.7. ಅಲ್ಲಿನ ಮೂಲನಿವಾಸಿಗಳಲ್ಲಿ ರೋಗ ಹೆಚ್ಚಾಗಿಯೂ ಭಾರತೀಯ ಮೂಲದವರಲ್ಲಿ ಕಡಿಮೆಯಾಗಿಯೂ ಕಂಡುಬಂತು. ಒಂದೇ ಸಣ್ಣ ದ್ವೀಪರಾಷ್ಟ್ರದೊಳಗೆ ವಯಸ್ಸಿನಿಂದ ವಯಸ್ಸಿಗೆ, ಸಮುದಾಯದಿಂದ ಸಮುದಾಯಕ್ಕೆ ಇಷ್ಟು ವ್ಯತ್ಯಾಸವಿರುವಾಗ ಭಾರತದಂಥ ದೇಶಕ್ಕೆ ಒಂದೇ ಸಂಖ್ಯೆ ಹೇಳುವುದು ಎಷ್ಟು ಉಪಯುಕ್ತ ಎಂದು ಕೇಳಬೇಕಾಗುತ್ತದೆ. ನಮ್ಮ ನೆರೆಯ ಬಾಂಗ್ಲಾದೇಶದ ರೋಹಿಂಗ್ಯಾ ನಿರಾಶ್ರಿತರ ಶಿಬಿರಗಳಲ್ಲಿ 2023ರಲ್ಲಿ ನಡೆದ ಸಮೀಕ್ಷೆಯು ಸುಮಾರು ಶೇಕಡಾ 40ರಷ್ಟು ಜನರಲ್ಲಿ ಕಜ್ಜಿಯನ್ನು ಗುರುತಿಸಿತು. ಇತ್ತ ಬ್ರಿಟನ್, ನೆದರ್‌ಲ್ಯಾಂಡ್ಸ್‌ಗಳಲ್ಲಿಯೂ ಕಳೆದ ಕೆಲವು ವರ್ಷಗಳಿಂದ ವಿದ್ಯಾರ್ಥಿಗಳಲ್ಲಿ ಮತ್ತು ಯುವಜನರಲ್ಲಿ ಪ್ರಕರಣಗಳು ಏರುತ್ತಿವೆ. ಕಜ್ಜಿ ಬಡವರ ರೋಗ, ಕೊಳಕಿನ ರೋಗ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ. ಈ ಹುಳಕ್ಕೆ ಬೇಕಾದದ್ದು ಒತ್ತೊತ್ತಾಗಿ ಬದುಕುವ ಮನುಷ್ಯರ ಚರ್ಮ. ದಿನಕ್ಕೆರಡು ಬಾರಿ ಮೀಯುವವರಿಗೂ ಅದು ಬರುತ್ತದೆ.

ಭಾರತದ ಮಟ್ಟಿಗೆ ನೋಡುವುದಾದರೆ, ಗ್ರಾಮ ಮತ್ತು ನಗರ ಸಮುದಾಯಗಳಲ್ಲಿ ಕಜ್ಜಿಯ ವ್ಯಾಪ್ತಿ ಶೇಕಡಾ 13ರಿಂದ 59ರವರೆಗೆ ಎಂಬ ಮಾತು ವೈದ್ಯಕೀಯ ಬರಹಗಳಲ್ಲಿ ಮತ್ತೆಮತ್ತೆ ಬರುತ್ತದೆ. ಇದನ್ನು ಇಡೀ ದೇಶದ ಸ್ಥಿತಿಯೆಂದು ಓದಬಾರದು. ರೋಗ ಹೆಚ್ಚಿದೆ ಎಂದು ಮೊದಲೇ ಅನುಮಾನವಿದ್ದ ಹಳ್ಳಿಗಳಿಗೆ, ಕೊಳೆಗೇರಿಗಳಿಗೆ, ವಸತಿ ಶಾಲೆಗಳಿಗೆ ಹೋಗಿ ಮಾಡಿದ ಅಧ್ಯಯನಗಳಲ್ಲಿ ಸಂಖ್ಯೆ ದೊಡ್ಡದಾಗಿಯೇ ಬರುತ್ತದೆ. ರೋಗವಿಲ್ಲದ ಊರಿಗೆ ಯಾರೂ ಅಧ್ಯಯನಕ್ಕೆ ಹೋಗುವುದಿಲ್ಲ. ಅತ್ತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮಕ್ಕಳ ಜ್ವರ, ಭೇದಿ, ಉಸಿರಾಟದ ತೊಂದರೆಗಳ ಬಗ್ಗೆ ಮನೆಮನೆಯಲ್ಲಿ ವಿಚಾರಿಸುತ್ತದೆಯಾದರೂ ಕಜ್ಜಿಯ ಬಗ್ಗೆ ಕೇಳುವುದಿಲ್ಲ. ಹೀಗಾಗಿ ನಮ್ಮ ಕೈಯಲ್ಲಿ ಉಳಿಯುವುದು ಆಸ್ಪತ್ರೆಗಳ ಚರ್ಮರೋಗ ವಿಭಾಗದ ದಾಖಲೆಗಳು ಮಾತ್ರ.

ಆಸ್ಪತ್ರೆಯ ದಾಖಲೆಯಿಂದ ಜನಸಂಖ್ಯೆಯಲ್ಲಿ ರೋಗ ಎಷ್ಟಿದೆ ಎಂದು ಹೇಳಲು ಹೊರಟರೆ ಛೇದದಲ್ಲಿಯೇ ತಪ್ಪಾಗುತ್ತದೆ. ಚರ್ಮರೋಗ ವಿಭಾಗಕ್ಕೆ ಬಂದ ನೂರು ಮಂದಿಯಲ್ಲಿ ಹತ್ತು ಮಂದಿಗೆ ಕಜ್ಜಿ ಇತ್ತು ಎಂದರೆ, ಚರ್ಮದ ತೊಂದರೆಯೆಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಅದಿತ್ತು ಎಂದಷ್ಟೇ ಅರ್ಥ. ಮೆಟ್ಟಿಲು ಹತ್ತದವರು ಎಷ್ಟೆಂದು ಆ ದಾಖಲೆ ಹೇಳಲಾರದು. ಕೇರಳದ ಉತ್ತರ ತುದಿಯ ನಮ್ಮ ಕಾಸರಗೋಡು ಜಿಲ್ಲೆಯ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1998ರ ಸುಮಾರಿಗೆ ಕೇರಳದಲ್ಲಿ ತೆಂಗಿಗೆ ನುಸಿ ಪೀಡೆ ಬಂದು ಮಿಡಿಕಾಯಿಗಳ ಮೇಲೆ ಕಂದು ಕಲೆ ಬಿದ್ದು ಕಾಯಿ ಕುಗ್ಗತೊಡಗಿದಾಗ, ಪೀಡೆಯ ಪ್ರಮಾಣ ತಿಳಿಯಬೇಕಾದರೆ ತೋಟಕ್ಕೆ ಹೋಗಿ ಗೊನೆಗೊನೆ ನೋಡಬೇಕಿತ್ತೇ ಹೊರತು ಕೃಷಿ ಕಚೇರಿಗೆ ದೂರು ಕೊಟ್ಟವರ ಪಟ್ಟಿಯನ್ನು ಹಿಡಿದು ಕುಳಿತರೆ ಆಗುತ್ತಿರಲಿಲ್ಲ. ಕಜ್ಜಿಯ ಹುಳವೂ ನುಸಿಯ ಜಾತಿಯದೇ. ಅದನ್ನು ಎಣಿಸಬೇಕಾದರೂ ಅದು ಇರುವಲ್ಲಿಗೆ ಹೋಗಬೇಕು.

ಹೋದರೂ ಎಣಿಕೆ ಸುಲಭವಲ್ಲ. ಅದಕ್ಕೆ ಹುಳದ ಬದುಕೇ ಕಾರಣ. ಹೆಣ್ಣು ಹುಳದ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಅದು ಚರ್ಮದ ಮೇಲ್ಪದರದಲ್ಲಿ ಸಣ್ಣ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆಗಳಂತೆ ಇಡುತ್ತ ಸಾಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮರಿಗಳು ಹೊರಬಂದು ಹತ್ತು ಹದಿನೈದು ದಿನಗಳಲ್ಲಿ ಬೆಳೆದು ನಿಲ್ಲುತ್ತವೆ. ಬೆರಳ ಸಂದಿಯಲ್ಲಿ, ಮಣಿಕಟ್ಟಿನ ಒಳಭಾಗದಲ್ಲಿ, ಹೊಕ್ಕುಳ ಸುತ್ತ, ಸೊಂಟದ ಪಟ್ಟಿ ಬಿಗಿಯುವಲ್ಲಿ ಕೂದಲಿಗಿಂತ ಸ್ವಲ್ಪ ದಪ್ಪನೆಯ, ಬೂದುಬಣ್ಣದ, ಅಂಕುಡೊಂಕಾದ ಗೆರೆಯೊಂದು ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದಕ್ಕೆ ಕಾಣುತ್ತದೆ. ಅದರ ಒಂದು ತುದಿಯ ಚುಕ್ಕೆಯಲ್ಲಿ ಹುಳವಿರುತ್ತದೆ. ಆದರೆ ತುರಿಸಿ ತುರಿಸಿ ಚರ್ಮ ಕಿತ್ತುಬಂದವರಲ್ಲಿ ಈ ಗೆರೆ ಅಳಿಸಿಹೋಗಿ ಗೀರು, ಗುಳ್ಳೆ ಮತ್ತು ಕೀವು ಮಾತ್ರ ಉಳಿದಿರುತ್ತವೆ. ಸಾಮಾನ್ಯ ರೋಗಿಯ ಇಡೀ ಮೈಯಲ್ಲಿ ಇರುವ ಬೆಳೆದ ಹೆಣ್ಣು ಹುಳಗಳು ಹತ್ತು ಹದಿನೈದು ಮಾತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ ನೂರಾರು ರೋಗಿಗಳ ಮೈಯಿಂದ ಹುಳಗಳನ್ನು ಒಂದೊಂದಾಗಿ ತೆಗೆದು ಎಣಿಸಿದಾಗ ಸರಾಸರಿ ಸಿಕ್ಕಿದ್ದು ಹನ್ನೊಂದರ ಆಸುಪಾಸು. ಇಷ್ಟು ಕಡಿಮೆ ಹುಳಗಳಿರುವಾಗ ಚರ್ಮವನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹುಳ ಸಿಗದಿರುವುದೇ ಹೆಚ್ಚು. ಹುಳ ಸಿಗಲಿಲ್ಲವೆಂದರೆ ರೋಗವಿಲ್ಲ ಎಂದರ್ಥವಲ್ಲ.

ಅದೇ ಮೆಲನ್‌ಬಿಯವರ ಪ್ರಯೋಗಗಳಿಂದ ತಿಳಿದ ಇನ್ನೊಂದು ಸಂಗತಿಯೂ ಮುಖ್ಯ. ಯುದ್ಧಕ್ಕೆ ಹೋಗಲು ಒಪ್ಪದಿದ್ದ ಶಾಂತಿವಾದಿಗಳು ಅವರ ಪ್ರಯೋಗಕ್ಕೆ ಸ್ವಇಚ್ಛೆಯಿಂದ ಮೈಯೊಡ್ಡಿದ್ದರು. ಕಜ್ಜಿಯಾದ ಸೈನಿಕರು ಬಳಸಿದ ಕಂಬಳಿಗಳನ್ನು ಹೊದ್ದು ಮಲಗಿದವರಲ್ಲಿ ರೋಗ ಹತ್ತಿದ್ದು ತೀರಾ ಅಪರೂಪ. ರೋಗಿಗಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದವರಿಗೆ ಹತ್ತಿತು. ಚರ್ಮಕ್ಕೆ ಚರ್ಮ ತಾಗಿ ಸ್ವಲ್ಪ ಹೊತ್ತು ಇರುವುದೇ ಹರಡುವಿಕೆಯ ಮುಖ್ಯ ದಾರಿ. ಮನುಷ್ಯನ ಮೈಯಿಂದ ಹೊರಬಿದ್ದ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಇಡೀ ಮನೆಯನ್ನು ತೊಳೆದು, ಹಾಸಿಗೆಯನ್ನೆಲ್ಲ ಸುಟ್ಟು ಹಾಕಬೇಕೆಂಬ ಭಯಕ್ಕೆ ಕಾರಣವಿಲ್ಲ. ಹತ್ತಿರದ ದಿನಗಳಲ್ಲಿ ಬಳಸಿದ ಬಟ್ಟೆ, ಬೈರಾಸು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ, ಮಳೆಗಾಲದಲ್ಲಿ ಅದಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಬದಿಗಿಟ್ಟರೆ ಸಾಕಾಗುತ್ತದೆ.

ಎಣಿಕೆಯನ್ನು ನಿಜವಾಗಿ ದಾರಿ ತಪ್ಪಿಸುವುದು ತುರಿಕೆ ಶುರುವಾಗಲು ಹಿಡಿಯುವ ಕಾಲ. ಮೊದಲ ಬಾರಿ ಹುಳ ಹತ್ತಿದವರಿಗೆ ನಾಲ್ಕರಿಂದ ಆರು ವಾರಗಳವರೆಗೆ ಏನೂ ಅನ್ನಿಸದಿರಬಹುದು. ಹುಳದ ವಿರುದ್ಧ ಮೈಯೊಳಗೆ ಅಲರ್ಜಿ ಹುಟ್ಟಿದ ಮೇಲೆಯೇ ತುರಿಕೆ ಶುರು. ಹಿಂದೊಮ್ಮೆ ಕಜ್ಜಿ ಬಂದವರಿಗೆ ಮತ್ತೆ ಹತ್ತಿದರೆ ಒಂದರಿಂದ ನಾಲ್ಕು ದಿನದಲ್ಲಿಯೇ ತುರಿಕೆ ಬರುತ್ತದೆ. ಆರು ಜನರಿರುವ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಹಾಸ್ಟೆಲಿನಿಂದ ರಜೆಗೆ ಬಂದ ಹುಡುಗ ಅಜ್ಜಿಯ ಮಗ್ಗುಲಲ್ಲಿ, ತಮ್ಮನ ಜೊತೆ ಮಲಗುತ್ತಾನೆ. ರಜೆ ಮುಗಿಯುವ ಹೊತ್ತಿಗೆ ಅವನಿಗೆ ರಾತ್ರಿ ತುರಿಕೆ ಹೆಚ್ಚಾಗಿ ಮದ್ದು ಹಚ್ಚುತ್ತಾರೆ. ಅವನು ವಾಸಿಯಾಗಿ ಮರಳಿ ಹೋಗುತ್ತಾನೆ. ಅಜ್ಜಿಗೆ ಮತ್ತು ತಮ್ಮನಿಗೆ ತುರಿಕೆ ಶುರುವಾಗುವುದು ಅದಾದ ಮೇಲೆ. ಅಷ್ಟರಲ್ಲಿ ಪುಟ್ಟ ತಂಗಿಗೂ ಹತ್ತಿರುತ್ತದೆ. ಮುಂದಿನ ರಜೆಗೆ ಹುಡುಗ ಬಂದಾಗ ಅವನಿಗೆ ಮನೆಯವರಿಂದಲೇ ಮತ್ತೆ ಬರುತ್ತದೆ, ಈ ಬಾರಿ ನಾಲ್ಕೇ ದಿನದಲ್ಲಿ. ಹಾಕಿದ ಮದ್ದು ಫಲಿಸಲಿಲ್ಲವೆಂದು ಮನೆಯವರು ತೀರ್ಮಾನಿಸುತ್ತಾರೆ. ಈ ಮನೆಗೆ ಯಾವ ದಿನ ಸಮೀಕ್ಷೆಗೆ ಹೋದರೂ ತುರಿಕೆ ಇದೆಯೇ ಎಂದು ಮಾತ್ರ ಕೇಳಿದರೆ ಸಿಗುವ ಉತ್ತರ ನಿಜಕ್ಕಿಂತ ಕಡಿಮೆಯೇ ಇರುತ್ತದೆ.

ಆದ್ದರಿಂದಲೇ ಕಜ್ಜಿ ನಿಯಂತ್ರಣಕ್ಕಾಗಿ ಶ್ರಮಿಸುವ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವು 2018ರಲ್ಲಿ ಒಮ್ಮತದ ಮಾನದಂಡಗಳನ್ನು ರೂಪಿಸಿತು. ಹುಳ ಅಥವಾ ಮೊಟ್ಟೆ ಕಣ್ಣಿಗೆ ಬಿದ್ದರೆ ಅದು ಖಚಿತ. ಸುರಂಗದ ಗೆರೆಯೋ, ಲಕ್ಷಣಕ್ಕೆ ಸರಿಹೊಂದುವ ಗುಳ್ಳೆಗಳ ಜೊತೆಗೆ ತುರಿಕೆ ಮತ್ತು ರೋಗಿಯ ಒಡನಾಟದ ಇತಿಹಾಸವೋ ಇದ್ದರೆ ವೈದ್ಯಕೀಯವಾಗಿ ಕಜ್ಜಿ. ಅಷ್ಟೂ ಇಲ್ಲದೆ ಒಂದೆರಡು ಸೂಚನೆ ಮಾತ್ರ ಇದ್ದರೆ ಶಂಕಿತ ಎಂಬ ಮೂರು ಹಂತಗಳು ಅದರಲ್ಲಿವೆ. ಒಡನಾಟದ ಇತಿಹಾಸವನ್ನು ರೋಗನಿರ್ಣಯದ ಒಳಗೇ ತಂದದ್ದು ಅದರ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ. ಒಬ್ಬನ ಚರ್ಮವನ್ನು ನೋಡುವಾಗಲೇ ಅವನ ಮನೆಯನ್ನೂ ಕೇಳಬೇಕೆಂದು ಅದು ಹೇಳುತ್ತದೆ.

ರೋಗ ಮನೆಗಳಲ್ಲಿ ಗುಂಪುಗೂಡುವುದರಿಂದ ಮಾದರಿ ಸಮೀಕ್ಷೆಯ ಲೆಕ್ಕವೂ ಬದಲಾಗುತ್ತದೆ. 250 ಮನೆಗಳ, 1,200 ಜನರ ಒಂದು ವಾರ್ಡಿನಲ್ಲಿ 60 ಮಂದಿಗೆ ಕಜ್ಜಿ ಇದೆ, ಅಂದರೆ ಶೇಕಡಾ 5 ಎಂದು ಇಟ್ಟುಕೊಳ್ಳೋಣ. ಆ ಅರುವತ್ತು ಮಂದಿ ಅರುವತ್ತು ಬೇರೆಬೇರೆ ಮನೆಗಳಲ್ಲಿದ್ದರೆ, ಚೀಟಿ ಎತ್ತಿ ಆಯ್ದ 30 ಮನೆಗಳಿಗೆ ಹೋದಾಗ ರೋಗ ಕಣ್ಣಿಗೆ ಬೀಳದಿರುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು. ಆದರೆ ಕಜ್ಜಿ ಹಾಗೆ ಹರಡುವುದಿಲ್ಲ. ಅವರು ಐದೈದು ಮಂದಿಯಂತೆ 12 ಮನೆಗಳಲ್ಲಿ ಇದ್ದರೆ, ಅದೇ 30 ಮನೆಗಳ ಮಾದರಿಯಲ್ಲಿ ಒಂದೂ ರೋಗಿಯ ಮನೆ ಸಿಗದಿರುವ ಸಾಧ್ಯತೆ ಐದರಲ್ಲಿ ಒಂದರಷ್ಟಾಗುತ್ತದೆ. ಆಗ ವಾರ್ಡಿನಲ್ಲಿ ಕಜ್ಜಿಯೇ ಇಲ್ಲವೆಂದು ವರದಿ ಹೋಗುತ್ತದೆ. ಇನ್ನೊಮ್ಮೆ ಅದೇ ಮಾದರಿಯಲ್ಲಿ ಮೂರು ನಾಲ್ಕು ಅಂಥ ಮನೆಗಳು ಸಿಕ್ಕಿಬಿಟ್ಟರೆ ಶೇಕಡಾ 10ನ್ನು ದಾಟಿದ ವ್ಯಾಪ್ತಿ ಎಂದು ವರದಿಯಾಗುತ್ತದೆ. ಎರಡು ವರದಿಗಳನ್ನೂ ಪ್ರಾಮಾಣಿಕರೇ ಬರೆದಿರುತ್ತಾರೆ. ಒಟ್ಟು ಶೇಕಡಾವಾರಿನ ಪಕ್ಕದಲ್ಲಿ ಎಷ್ಟು ಮನೆಗಳಲ್ಲಿ ಕನಿಷ್ಠ ಒಬ್ಬರಿಗಾದರೂ ರೋಗವಿದೆ ಎಂಬ ಇನ್ನೊಂದು ಅಂಕಣ ಇರಬೇಕೆಂದು ನಾನು ಒತ್ತಾಯಿಸುವುದು ಇದಕ್ಕೇ. ಚಿಕಿತ್ಸೆಯ ಘಟಕವೂ ಮನೆಯೇ ಆದ್ದರಿಂದ ಆರೋಗ್ಯ ಇಲಾಖೆಗೆ ಮದ್ದು ಎಷ್ಟು ಬೇಕೆಂದು ಹೇಳಬಲ್ಲದ್ದು ಆ ಅಂಕಣ.

ಮದ್ದಿನ ಲೆಕ್ಕ ಇಲ್ಲಿಯೇ ಹೇಳಿಬಿಡಬೇಕು. ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಕಾಲಬೆರಳವರೆಗೆ, ಉಗುರಿನ ಅಡಿಯನ್ನೂ ಬಿಡದೆ ಹಚ್ಚಿ ಎಂಟರಿಂದ ಹದಿನಾಲ್ಕು ಗಂಟೆ ಬಿಡಬೇಕು. ಒಂದೆರಡು ವಾರದ ಬಳಿಕ ಇನ್ನೊಮ್ಮೆ ಹಚ್ಚಬೇಕು. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಆರು ಮಂದಿ ದೊಡ್ಡವರಿರುವ ಮನೆಗೆ ಎರಡು ಸಲಕ್ಕೆ 360 ಗ್ರಾಂ, ಅಂದರೆ 30 ಗ್ರಾಮಿನ ಹನ್ನೆರಡು ಟ್ಯೂಬುಗಳು. ಮನೆಗೆ ಬರುವುದು ಒಂದು ಟ್ಯೂಬ್. ಅದು ತುರಿಸಿಕೊಳ್ಳುತ್ತಿರುವ ಮಗುವಿನ ಬೆರಳ ಸಂದಿಗೆ ಮತ್ತು ತೊಡೆಗೆ ನಾಲ್ಕು ದಿನ ಸ್ವಲ್ಪಸ್ವಲ್ಪವೇ ಹಚ್ಚಿ ಮುಗಿಯುತ್ತದೆ. ಅಗ್ಗವಾಗಿ ಸಿಗುವ ಬೆಂಜೈಲ್ ಬೆಂಜೋಯೇಟ್ ದ್ರಾವಣ ತುರಿಸಿ ಗಾಯವಾದ ಚರ್ಮಕ್ಕೆ ತಾಗಿದಾಗ ಉರಿಯುತ್ತದೆ. ಮಕ್ಕಳು ಅತ್ತಾಗ ತಾಯಂದಿರು ನಿಲ್ಲಿಸಿಬಿಡುತ್ತಾರೆ. ಐವರ್‌ಮೆಕ್ಟಿನ್ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ಒಂದೆರಡು ವಾರದ ಅಂತರದಲ್ಲಿ ಎರಡು ಬಾರಿ ಕೊಡಬೇಕು, ಏಕೆಂದರೆ ಅದು ಮೊಟ್ಟೆಯನ್ನು ಕೊಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಜ್ಜಿಗಾಗಿ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. 15 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಭಾರತದಲ್ಲಿ ಎಣಿಕೆಗೆ ಇನ್ನೊಂದು ತೊಡಕಿದೆ. ತುರಿಕೆ ಎಂದೊಡನೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ ಮತ್ತು ಆಂಟಿಬಯಾಟಿಕ್ ಒಟ್ಟಿಗೆ ಬೆರೆಸಿದ ಮುಲಾಮುಗಳು ಹಳ್ಳಿಯ ಮನೆಮನೆಯನ್ನೂ ತಲುಪಿವೆ. ಸ್ಟೀರಾಯ್ಡ್ ತುರಿಕೆಯನ್ನು ತಗ್ಗಿಸುತ್ತದೆ, ಹುಳವನ್ನು ಮುಟ್ಟುವುದಿಲ್ಲ. ಗುಳ್ಳೆಗಳ ರೂಪವೇ ಬದಲಾಗಿ ಅನುಭವಿ ವೈದ್ಯರಿಗೂ ಅದು ಕಜ್ಜಿಯೆಂದು ಗುರುತಿಸುವುದು ಕಷ್ಟವಾಗುತ್ತದೆ. ತುರಿಕೆ ಕಡಿಮೆಯಾಯಿತೆಂದು ಭಾವಿಸಿದ ವ್ಯಕ್ತಿ ಮನೆಯವರಿಗೆ ರೋಗ ಹಂಚುತ್ತಲೇ ಇರುತ್ತಾನೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಔಷಧಗಳ ಪಟ್ಟಿಗೆ ಸೇರಿಸಿದರೂ ಅಂಗಡಿಗಳಲ್ಲಿ ಅವು ಕೇಳಿದವರಿಗೆ ಸಿಗುತ್ತಿವೆ. ದೇಶದಲ್ಲಿ ಕೆಲವು ವರ್ಷಗಳಿಂದ ಹಟಹಿಡಿದು ಹರಡುತ್ತಿರುವ ಹುಳುಕಡ್ಡಿ ಎಂಬ ಶಿಲೀಂಧ್ರ ರೋಗವೂ ಈ ಗೊಂದಲಕ್ಕೆ ಸೇರಿಕೊಂಡಿದೆ.

ಈಗ ಕಾಸರಗೋಡಿಗೆ ಬರುತ್ತೇನೆ. 2011ರ ಜನಗಣತಿಯಂತೆ 13 ಲಕ್ಷ ಜನರಿರುವ ಈ ಜಿಲ್ಲೆಯ ಉತ್ತರ ಭಾಗದಲ್ಲಿ, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ವಾಸಿಸುವ ನಾವು ಕಾಯಿಲೆಯೆಂದರೆ ಮಂಗಳೂರಿನ ಬಸ್ಸು ಹತ್ತುವವರು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂಬುದು ಇಡೀ ದೇಶಕ್ಕೆ ತಿಳಿಯಿತು. ಚರ್ಮದ ಕಾಯಿಲೆಯಲ್ಲಿ ಈ ಅಭ್ಯಾಸದ ಪರಿಣಾಮ ಬೇರೆ ಬಗೆಯದು. ಪೈವಳಿಕೆಯ ಮಗುವೊಂದಕ್ಕೆ ಮಂಗಳೂರಿನ ಖಾಸಗಿ ಚಿಕಿತ್ಸಾಲಯದಲ್ಲಿ ಕಜ್ಜಿಯೆಂದು ಗುರುತಿಸಿದರೆ ಅದು ಕೇರಳದ ಪುಸ್ತಕಕ್ಕೆ ಬರುವುದಿಲ್ಲ. ಮಗುವಿನ ಮನೆ ಗಡಿಯ ಈಚೆ ಇರುವುದರಿಂದ ಕರ್ನಾಟಕದ ಆರೋಗ್ಯ ಕಾರ್ಯಕರ್ತೆ ಆ ಮನೆಗೆ ಹೋಗಿ ಉಳಿದವರನ್ನು ನೋಡುವುದೂ ಇಲ್ಲ. ರೋಗಿಗೆ ಮದ್ದು ಸಿಕ್ಕಿತು, ಮನೆಗೆ ಸಿಗಲಿಲ್ಲ. ಮನೆಯೇ ಚಿಕಿತ್ಸೆಯ ಘಟಕವಾದ ರೋಗದಲ್ಲಿ ಈ ಕೊರತೆ ಬೇರೆ ಕಾಯಿಲೆಗಳಲ್ಲಿ ಆಗುವುದಕ್ಕಿಂತ ಹೆಚ್ಚು ನಷ್ಟ ಉಂಟುಮಾಡುತ್ತದೆ. ತಮಿಳುನಾಡಿನ ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ.

ಜಿಲ್ಲೆಯೊಳಗೂ ರೋಗ ಎಲ್ಲೆಡೆ ಒಂದೇ ಸಮನಾಗಿ ಇರಲಾರದು. ಕೆಂಪುಕಲ್ಲಿನ ಕೋರೆಗಳಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವ ಹೊರರಾಜ್ಯದ ಕಾರ್ಮಿಕರು ಒಂದೇ ಕೋಣೆಯಲ್ಲಿ ಹಲವರು ಸಾಲಾಗಿ ಮಲಗುತ್ತಾರೆ. ವಿದ್ಯಾರ್ಥಿ ನಿಲಯಗಳು, ಅನಾಥಾಲಯಗಳು, ವೃದ್ಧಾಶ್ರಮಗಳು ಇವೆ. ವೃದ್ಧಾಶ್ರಮಗಳ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ರೋಗನಿರೋಧಕ ಶಕ್ತಿ ಕುಂದಿದ ಹಿರಿಯರಲ್ಲಿ ಕಜ್ಜಿ ಕೆಲವೊಮ್ಮೆ ದಪ್ಪ ಹೊಪ್ಪಳೆಗಳ ರೂಪ ತಾಳುತ್ತದೆ. ಅಂಥವರ ಮೈಯಲ್ಲಿ ಹುಳಗಳ ಸಂಖ್ಯೆ ಸಾವಿರಗಳಿಂದ ಲಕ್ಷಗಳಿಗೆ ಏರುತ್ತದೆ, ಆದರೆ ತುರಿಕೆ ಕಡಿಮೆಯೇ ಇರಬಹುದು. ಅಂಥ ಒಬ್ಬರಿದ್ದರೆ ಆರೈಕೆ ಮಾಡುವವರೂ ಸೇರಿ ಇಡೀ ಆಶ್ರಮಕ್ಕೆ ಹರಡುತ್ತದೆ. ಬಟ್ಟೆಬರೆಯಿಂದ ಹರಡುವ ಭಯ ನಿಜವಾಗುವುದೂ ಇಂಥಲ್ಲಿಯೇ. ಕೊರಗ ಬುಡಕಟ್ಟು ಸಮುದಾಯದ ಕಾಲನಿಗಳಲ್ಲಿ ಸಮೀಕ್ಷೆ ನಡೆಯಬೇಕು, ಆದರೆ ಅಲ್ಲಿ ಮಾತ್ರ ನಡೆಯಬಾರದು. ಹಾಗೆ ಮಾಡಿದರೆ ರೋಗ ಆ ಸಮುದಾಯದ್ದೆಂಬ ಕಳಂಕ ಅಂಟುತ್ತದೆ. ಅಡಿಕೆ ತೋಟದ ನಡುವಿನ ದೊಡ್ಡ ಮನೆಗಳಲ್ಲಿ ಹೇಳಿಕೊಳ್ಳದೆ ತುರಿಸಿಕೊಳ್ಳುತ್ತಿರುವವರು ಲೆಕ್ಕಕ್ಕೆ ಬರುವುದಿಲ್ಲ.

ತುರಿಕೆಯ ರೋಗಕ್ಕೆ ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಉತ್ತರ ತುರಿಕೆಯ ನಂತರದ ಹಂತದಲ್ಲಿದೆ. ತುರಿಸಿದ ಗೀರುಗಳ ಮೂಲಕ ಸ್ಟ್ರೆಪ್ಟೊಕಾಕಸ್, ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾಗಳು ಒಳಹೊಕ್ಕು ಕೀವುಗುಳ್ಳೆಗಳಾಗುತ್ತವೆ. ಸ್ಟ್ರೆಪ್ಟೊಕಾಕಸ್ ಸೋಂಕಿನ ಬಳಿಕ ಕೆಲವು ಮಕ್ಕಳಲ್ಲಿ ಮೂತ್ರಪಿಂಡದ ಉರಿಯೂತ ಬರುತ್ತದೆ: ಮುಖ ಊದುತ್ತದೆ, ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ, ರಕ್ತದೊತ್ತಡ ಏರುತ್ತದೆ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯಗಳಲ್ಲಿ ಕಜ್ಜಿ, ಚರ್ಮದ ಸೋಂಕು ಮತ್ತು ಸಂಧಿವಾತ ಜ್ವರದಿಂದ ಬರುವ ಹೃದ್ರೋಗ ಮೂರೂ ಒಟ್ಟಿಗೆ ಹೆಚ್ಚಾಗಿರುವುದರಿಂದ ಇವುಗಳ ನಂಟನ್ನು ತಜ್ಞರು ಗಂಭೀರವಾಗಿ ಪರಿಗಣಿಸುತ್ತಿದ್ದಾರೆ. ಇದರ ಜೊತೆಗೆ ರಾತ್ರಿಯಿಡೀ ನಿದ್ದೆಯಿಲ್ಲದ ಮಗು ಮರುದಿನ ತರಗತಿಯಲ್ಲಿ ಕಲಿಯಲಾರದು.

ಎಣಿಕೆ ಏಕೆ ಬೇಕೆಂಬುದಕ್ಕೆ ಇನ್ನೂ ನೇರವಾದ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಸಮುದಾಯದಲ್ಲಿ ಕಜ್ಜಿಯ ವ್ಯಾಪ್ತಿ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗವಿದ್ದವರಿಗೂ ಇಲ್ಲದವರಿಗೂ ಒಟ್ಟಿಗೆ ಔಷಧ ಕೊಡುವ ಸಾಮೂಹಿಕ ಚಿಕಿತ್ಸೆಯನ್ನು ಯೋಚಿಸಬೇಕು. ಇದರ ಬಲ ಫಿಜಿಯಲ್ಲಿ 2012ರಲ್ಲಿ ಆರಂಭವಾದ ಪ್ರಯೋಗದಲ್ಲಿ ಕಂಡಿತು. ಮೂರು ದ್ವೀಪ ಸಮುದಾಯಗಳ ಪೈಕಿ ಐವರ್‌ಮೆಕ್ಟಿನ್ ಎಲ್ಲರಿಗೂ ಕೊಟ್ಟಲ್ಲಿ ವ್ಯಾಪ್ತಿ ಒಂದು ವರ್ಷದಲ್ಲಿ ಶೇಕಡಾ 32.1ರಿಂದ 1.9ಕ್ಕೆ ಇಳಿಯಿತು. ಪರ್ಮೆಥ್ರಿನ್ ಎಲ್ಲರಿಗೂ ಕೊಟ್ಟಲ್ಲಿ 41.7ರಿಂದ 15.8ಕ್ಕೆ, ರೋಗಿಗಳಿಗೆ ಮತ್ತು ಅವರ ಒಡನಾಡಿಗಳಿಗೆ ಮಾತ್ರ ಕೊಟ್ಟಲ್ಲಿ 36.6ರಿಂದ 18.8ಕ್ಕೆ ಇಳಿಯಿತು. ಇಷ್ಟು ಪರಿಣಾಮಕಾರಿಯಾದ ಕ್ರಮವನ್ನು ಎಲ್ಲಿ ಕೈಗೊಳ್ಳಬೇಕು ಎಂದು ತೀರ್ಮಾನಿಸುವುದು ಆ ಶೇಕಡಾ 10ರ ಗೆರೆ. ಭಾರತದ ಸರಾಸರಿ ಗೆರೆಗಿಂತ ಕೆಳಗಿದೆ ಎಂದಾದರೂ ಆ ಕಾರಣಕ್ಕೆ ಗೆರೆಗಿಂತ ತುಂಬ ಮೇಲಿರುವ ಕಾಲನಿಯೋ ಹಾಸ್ಟೆಲೋ ಕೈತಪ್ಪಬಾರದು. ಕೆಲವು ಕಾಲನಿಗಳಲ್ಲಿ ಹೆಚ್ಚಿದೆ ಎಂದು ಇಡೀ ಜಿಲ್ಲೆಗೆ ಮಾತ್ರೆ ನುಂಗಿಸಲೂಬಾರದು. ಕಾಸರಗೋಡಿನಲ್ಲಿ ಸದ್ಯಕ್ಕೆ ಸಾಮೂಹಿಕ ಚಿಕಿತ್ಸೆಯ ಮಾತೆತ್ತುವುದು ಆತುರವಾದೀತು. ಮೊದಲು ವಾರ್ಡುವಾರು ಎಣಿಕೆಯಾಗಲಿ.

ನಮ್ಮ ದೇಶದಲ್ಲಿ ಐವರ್‌ಮೆಕ್ಟಿನ್‌ನ ಸಾಮೂಹಿಕ ಬಳಕೆ ಹೊಸದೇನಲ್ಲ. ಆನೆಕಾಲು ರೋಗದ ನಿರ್ಮೂಲನೆಗಾಗಿ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಮೊದಲು ಆರಂಭಿಸಿದ ಜಿಲ್ಲೆಗಳಲ್ಲಿ ಕರ್ನಾಟಕದ ಯಾದಗಿರಿಯೂ ಒಂದು. ಆ ಮೂರರಲ್ಲಿ ಐವರ್‌ಮೆಕ್ಟಿನ್ ಕೂಡ ಇದೆ. ತಾಂಜಾನಿಯಾದ ಜಂಜಿಬಾರಿನಲ್ಲಿ ಆನೆಕಾಲು ರೋಗಕ್ಕೆಂದು ವರ್ಷವರ್ಷವೂ ಇದೇ ಮಾತ್ರೆಯನ್ನು ಇನ್ನೊಂದು ಔಷಧದ ಜೊತೆ ಹಂಚಿದ ಮೇಲೆ ಆರೋಗ್ಯ ಕೇಂದ್ರಗಳ ದಾಖಲೆಯಲ್ಲಿ ಕಜ್ಜಿಯ ಪ್ರಕರಣಗಳು ಶೇಕಡಾ 68ರಿಂದ 98ರವರೆಗೆ ಇಳಿದದ್ದು ಕಂಡುಬಂತು. ಅಲ್ಲಿನ ಕೇಂದ್ರಗಳು ಕಜ್ಜಿಯನ್ನು ವರ್ಷಗಟ್ಟಲೆ ಒಂದೇ ಕ್ರಮದಲ್ಲಿ ಬರೆದಿಟ್ಟಿದ್ದರಿಂದಲೇ ಈ ಇಳಿಕೆ ಗೊತ್ತಾಯಿತು. ಯಾದಗಿರಿಯಂಥ ಜಿಲ್ಲೆಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪುಸ್ತಕದಲ್ಲಿ ಕಜ್ಜಿಗೆ ಪ್ರತ್ಯೇಕ ಕಲಂ ಇದ್ದರೆ ಅಂಥದೇ ಮಾಹಿತಿ ಹೆಚ್ಚುವರಿ ಖರ್ಚಿಲ್ಲದೆ ಸಿಗುತ್ತದೆ.

ವಾರ್ಡುವಾರು ಎಣಿಕೆಯನ್ನು ನಡೆಸುವುದು ಅಸಾಧ್ಯವೇನಲ್ಲ. ಇಡೀ ಮೈಯನ್ನು ಪರೀಕ್ಷಿಸುವ ಬದಲು ಕೈ, ಪಾದ ಮತ್ತು ಮೊಣಕಾಲ ಕೆಳಗಿನ ಭಾಗವನ್ನು ಮಾತ್ರ ನೋಡಿದರೂ ರೋಗವಿದ್ದವರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಮಂದಿಯನ್ನು ಗುರುತಿಸಬಹುದೆಂದು ಪೆಸಿಫಿಕ್ ದ್ವೀಪಗಳ ಸಮೀಕ್ಷೆಗಳ ಮಾಹಿತಿಯನ್ನು ವಿಶ್ಲೇಷಿಸಿದ ಅಧ್ಯಯನವೊಂದು 2018ರಲ್ಲಿ ತೋರಿಸಿದೆ. ಬಟ್ಟೆ ಬಿಚ್ಚಿಸದೆ, ಮಕ್ಕಳಿಗೂ ಹೆಂಗಸರಿಗೂ ಸಂಕೋಚವಾಗದಂತೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಇದನ್ನು ಅಂಗನವಾಡಿಯ ಜಗಲಿಯಲ್ಲಿ ಕೂತು ಮಾಡಬಹುದು. ಕೇರಳದಲ್ಲಿ ಶಾಲೆಗಳು ಜೂನ್ ಆರಂಭದಲ್ಲಿ ತೆರೆಯುತ್ತವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಬಟ್ಟೆ ಒಣಗಿಸುವುದೂ ಹೊರಗೆ ಓಡಾಡುವುದೂ ಕಷ್ಟವಾಗಿ ಮನೆಮಂದಿಯೆಲ್ಲ ಒಳಗೆ ಒತ್ತಾಗಿ ಮಲಗುತ್ತಾರೆ. ಬೇಸಗೆ ರಜೆಯಲ್ಲಿ ನೆಂಟರ ಮನೆಯಲ್ಲಿ ಹತ್ತಿದ ಹುಳ ತುರಿಕೆ ಕೊಡುವುದೂ ಜೂನ್, ಜುಲೈ ತಿಂಗಳಲ್ಲಿ. ಆದ್ದರಿಂದ ಜುಲೈ ಮೊದಲ ವಾರದಲ್ಲಿ ಒಂದು ಪಂಚಾಯತಿನ ಶಾಲೆಗಳಲ್ಲಿ ಮಕ್ಕಳ ಕೈಕಾಲು ನೋಡಿ, ಗೆರೆಯೋ ಗುಳ್ಳೆಯೋ ಕಂಡ ಪ್ರತಿ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಒಂದು ವಾರದೊಳಗೆ ಹೋಗಿ ಎಲ್ಲರನ್ನೂ ನೋಡಿ ಬರೆದುಕೊಳ್ಳುವ ಕ್ರಮ ಉತ್ತಮ. ಹಚ್ಚುವ ವಿಧಾನದ ಚೀಟಿ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರಬೇಕು. ಕುತ್ತಿಗೆಯಿಂದ ಕೆಳಗೆ ಪೂರ್ತಿ ಹಚ್ಚಬೇಕೆಂಬ ಒಂದು ಸಾಲು ಅರ್ಥವಾಗದೆ ಹೋದರೆ ಇಡೀ ಟ್ಯೂಬು ವ್ಯರ್ಥ.

ಈ ಸಮೀಕ್ಷೆಯ ನಮೂನೆಯಲ್ಲಿ ಮಗುವಿನ ಹೆಸರಿಗಿಂತ ಮನೆ ಸಂಖ್ಯೆ ಮೊದಲು ಬರಬೇಕು. ಮನೆಯಲ್ಲಿ ಒಟ್ಟು ಎಷ್ಟು ಮಂದಿ, ಎಷ್ಟು ಮಂದಿಯನ್ನು ನೋಡಲಾಯಿತು, ಎಷ್ಟು ಮಂದಿಯಲ್ಲಿ ಗುರುತು ಕಂಡಿತು, ಕಳೆದ ಎರಡು ತಿಂಗಳಲ್ಲಿ ಯಾರು ಹೊರಗಿನಿಂದ ಬಂದು ತಂಗಿದ್ದರು, ಯಾವ ಮುಲಾಮು ಹಚ್ಚುತ್ತಿದ್ದಾರೆ, ಚಿಕಿತ್ಸೆಗೆ ಗಡಿಯಾಚೆ ಹೋಗಿದ್ದರೇ ಎಂಬಿಷ್ಟೇ ಪ್ರಶ್ನೆಗಳು ಸಾಕು. ಮದ್ದು ಕೊಟ್ಟು ಆರು ವಾರವಾದ ಮೇಲೆ ಅವೇ ಮನೆಗಳಿಗೆ ಎರಡನೇ ಬಾರಿ ಹೋಗಬೇಕು. ಮೊದಲ ಭೇಟಿಯಲ್ಲಿ ಚರ್ಮ ಶುಚಿಯಾಗಿ ಕಂಡವರಲ್ಲಿ ಎಷ್ಟು ಮಂದಿಗೆ ಆಗ ಗುಳ್ಳೆ ಎದ್ದಿದೆ ಎಂಬುದು ಆ ಭೇಟಿಯಲ್ಲಿ ಮಾತ್ರ ತಿಳಿಯುತ್ತದೆ, ಮತ್ತು ಎಷ್ಟು ಮನೆಗಳಿಗೆ ಬೇಕಾದ ಹನ್ನೆರಡು ಟ್ಯೂಬುಗಳಲ್ಲಿ ಒಂದೇ ಸಿಕ್ಕಿತ್ತು ಎಂಬುದೂ.